ಮೈ ಒರೆಸಿದ ಮೇಲೆ ಟವೆಲ್ ಏನಾಗುತ್ತದೆ?

ಚಾರಣದ ಸೀಸನ್ ಹತ್ತಿರ ಬಂತು. ಶೂ ಬಗ್ಗೆ, ಬ್ಯಾಗ್ ಬಗ್ಗೆ ಕೇಳುತ್ತೀರಿ ಅಂದುಕೊಂಡರೆ ಈ ಸಲ ಬಂದ ಪತ್ರಗಳಲ್ಲಿ ಟವೆಲ್ ಪ್ರಶ್ನೆಗಳೇ ಜಾಸ್ತಿ. ಸರಿ, ಇವತ್ತು ಟವೆಲ್ ಒಂದನ್ನೇ ಹಿಡಿದುಕೊಳ್ಳೋಣ.

ಪ್ರ: ಆನ್‌ಲೈನ್‌ನಲ್ಲಿ ‘ಕ್ವಿಕ್ ಡ್ರೈ’ ಟ್ರಾವೆಲ್ ಟವೆಲ್ ನೋಡಿದೆ. ತನ್ನ ತೂಕದ ನಾಲ್ಕು ಪಟ್ಟು ನೀರು ಹೀರುತ್ತದೆ, ಹತ್ತು ಪಟ್ಟು ಬೇಗ ಒಣಗುತ್ತದೆ ಅಂತ ಬರೆದಿದ್ದಾರೆ. ನಂಬಬಹುದಾ? ಮನೆಯಲ್ಲೇ ಪರೀಕ್ಷೆ ಮಾಡೋಕೆ ದಾರಿ ಇದೆಯಾ? – ಓದುಗ, ಬೆಂಗಳೂರು

ಉ: ಹತ್ತು ಪಟ್ಟು ಬೇಗ, ಸರಿ. ಯಾವುದಕ್ಕಿಂತ? ಅದನ್ನು ಯಾರೂ ಬರೆದಿರುವುದಿಲ್ಲ. ದಪ್ಪನೆಯ ಟರ್ಕಿ ಟವೆಲ್ ಪಕ್ಕದಲ್ಲಿ ಇಟ್ಟರೆ ನಿಮ್ಮ ತಾತನ ಹಳೇ ಪಂಚೆಯೂ ಕ್ವಿಕ್ ಡ್ರೈ.

ಈ ಟವೆಲ್‌ಗಳು ಹೆಚ್ಚಾಗಿ ಮೈಕ್ರೋಫೈಬರ್. ಸಾಮಾನ್ಯವಾಗಿ 80 ಭಾಗ ಪಾಲಿಯೆಸ್ಟರ್, 20 ಭಾಗ ನೈಲಾನ್ ಜಾತಿಯ ಪಾಲಿಅಮೈಡ್. ಎಳೆ ಎಷ್ಟು ಸಣ್ಣ ಅಂದರೆ 9,000 ಮೀಟರ್ ಉದ್ದದ ಒಂದು ಎಳೆಯನ್ನು ಸುತ್ತಿ ತೂಗಿದರೂ ಒಂದು ಗ್ರಾಂ ಬರುವುದಿಲ್ಲ. ಪಾಲಿಯೆಸ್ಟರ್ ಎಳೆ ತನ್ನೊಳಗೆ ನೀರನ್ನು ಬಿಟ್ಟುಕೊಳ್ಳುವುದೇ ಇಲ್ಲ ಅನ್ನಬಹುದು. ನೀರು ನಿಲ್ಲುವುದು ಎಳೆ ಎಳೆಗಳ ನಡುವಿನ ಸಂದಿಯಲ್ಲಿ. ಅದಕ್ಕೇ ಹಿಂಡಿದರೆ ಬಹುಪಾಲು ಹೊರಗೆ ಬಂದುಬಿಡುತ್ತದೆ. ಹತ್ತಿ ಹಾಗಲ್ಲ. ಅದರ ಎಳೆ ನೀರನ್ನು ಒಳಗೇ ಎಳೆದುಕೊಂಡು ಊದಿಕೊಳ್ಳುತ್ತದೆ, ಟರ್ಕಿ ಟವೆಲ್ ಆದರೆ ಅದರ ಮೇಲೆ ಕುಣಿಕೆ ಕುಣಿಕೆಯಾಗಿ ಎದ್ದಿರುವ ದಾರ ಬೇರೆ, ಎಷ್ಟೇ ಜೋರಾಗಿ ಹಿಂಡಿದರೂ ಒಳಗಿನ ನೀರು ಪೂರ್ತಿ ಬರುವುದಿಲ್ಲ.

ಹಾಗಾಗಿ ನಾಲ್ಕು ಪಟ್ಟು ಹೀರುತ್ತದೆ ಅನ್ನುವ ಮಾತನ್ನು ನಾನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಹಿಂಡಿದ ಮೇಲೆ ಎಷ್ಟು ನೀರು ಉಳಿಯಿತು, ಅದನ್ನು ನೋಡಿ. ಒಂದು ಗ್ರಾಂ ನೀರು ಆವಿಯಾಗೋಕೆ ಬೇಕಾದ ಶಾಖ ಇನ್ನೂರು ರೂಪಾಯಿಯ ಬಟ್ಟೆಯಲ್ಲೂ ಅಷ್ಟೇ, ಎರಡು ಸಾವಿರದ ಬಟ್ಟೆಯಲ್ಲೂ ಅಷ್ಟೇ. ಕಮ್ಮಿ ನೀರು ಉಳಿಸಿಕೊಂಡು ಅಗಲವಾಗಿ ಹರಡಿಕೊಳ್ಳುವ ಬಟ್ಟೆ ಬೇಗ ಒಣಗುತ್ತದೆ, ಇದರಲ್ಲಿ ಬೇರೆ ಯಾವ ಮಂತ್ರವೂ ಇಲ್ಲ.

ಪರೀಕ್ಷೆ ಸುಲಭ. ಅಡುಗೆಮನೆಯಲ್ಲಿ ಹಿಟ್ಟು ತೂಗುವ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಹೊಸ ಟವೆಲನ್ನು ಮೊದಲು ಒಂದು ಸಲ ಒಗೆಯಿರಿ, ಕೆಲವಕ್ಕೆ ಕಾರ್ಖಾನೆಯಲ್ಲಿ ಹಚ್ಚಿದ ಲೇಪ ಇರುತ್ತದೆ, ಅದು ಹೋಗುವ ತನಕ ನೀರು ಮೇಲೇ ಜಾರುತ್ತದೆ. ಒಣಗಿದ ಮೇಲೆ ತೂಗಿ ಬರೆದುಕೊಳ್ಳಿ. ಪೂರ್ತಿ ನೆನೆಸಿ, ಕೈಯಲ್ಲಿ ಗಟ್ಟಿಯಾಗಿ ಹಿಂಡಿ, ಮತ್ತೆ ತೂಗಿ. ಹೆಚ್ಚಾದ ಒಂದೊಂದು ಗ್ರಾಮೂ ಒಂದೊಂದು ಮಿಲಿಲೀಟರ್ ನೀರು. ಮನೆಯಲ್ಲಿರುವ ಟರ್ಕಿ ಟವೆಲ್, ಒಂದು ತೆಳು ಪಂಚೆ, ಇವಕ್ಕೂ ಅದನ್ನೇ ಮಾಡಿ. ಮೂರನ್ನೂ ಒಂದೇ ಹಗ್ಗಕ್ಕೆ ಒಂದೇ ಪದರವಾಗಿ ಹಾಕಿ ಅರ್ಧ ಗಂಟೆಗೊಮ್ಮೆ ತೂಗುತ್ತಾ ಹೋಗಿ.

ಒಂದು ಮಾತು. ಇದನ್ನು ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಮಾಡಬೇಡಿ, ಅಲ್ಲಿ ಎಲ್ಲವೂ ಪಾಸ್. ರಾತ್ರಿ ಹೊತ್ತು ಫ್ಯಾನ್ ಇಲ್ಲದ ರೂಮಲ್ಲಿ ಮಾಡಿ. ಲಾಡ್ಜಲ್ಲೋ ಟೆಂಟಲ್ಲೋ ನಿಮಗೆ ಸಿಗುವುದು ಅಂಥ ಜಾಗವೇ.

ಪ್ರ: ಮೈಕ್ರೋಫೈಬರ್ ತಗೊಂಡೆ. ಒರೆಸಿದರೆ ನೀರು ಅತ್ತಿಂದಿತ್ತ ಹೋಗುತ್ತದೆಯೇ ಹೊರತು ಮೈ ಒಣಗೋದಿಲ್ಲ. ಕೈಗೆ ಬೇರೆ ಕಚ್ಚಿಕೊಂಡ ಹಾಗೆ ಆಗುತ್ತದೆ, ಒಂಥರಾ ಅಸಹ್ಯ. ಮೋಸ ಹೋದೆನಾ? – ಓದುಗ, ಹುಬ್ಬಳ್ಳಿ

ಉ: ಮೋಸ ಅಲ್ಲ, ಒರೆಸುವ ರೀತಿ ಬೇರೆ. ನೀವು ಕೊಂಡಿರುವುದು ಸ್ಯೂಡ್ ಅಂತಾರಲ್ಲ, ನುಣುಪಾದ ಚಪ್ಪಟೆ ಬಟ್ಟೆ, ಅದೇ ಇರಬೇಕು. ಅದನ್ನು ಉಜ್ಜಬಾರದು, ಒತ್ತಬೇಕು. ಬೆನ್ನಿನ ಮೇಲೆ ಹರಡಿ ಅಂಗೈಯಲ್ಲಿ ತಟ್ಟಿ, ಆಮೇಲೆ ಜಾಗ ಬದಲಿಸಿ. ಅದಕ್ಕೂ ಮುಂಚೆ ಸ್ನಾನ ಮುಗಿದ ಕೂಡಲೇ ತೋಳು, ಕಾಲು, ಹೊಟ್ಟೆ ಮೇಲಿನ ನೀರನ್ನು ಬರಿಗೈಯಲ್ಲಿ ಕೆಳಕ್ಕೆ ಸವರಿ ಇಳಿಸಿ. ಟವೆಲ್‌ಗೆ ಅರ್ಧ ಕೆಲಸ ಕಮ್ಮಿಯಾಗುತ್ತದೆ. ಮಧ್ಯೆ ಒಂದು ಸಲ ಹಿಂಡಿಕೊಂಡು ಮತ್ತೆ ಒರೆಸಬಹುದು, ಟರ್ಕಿ ಟವೆಲ್‌ನಲ್ಲಿ ಈ ಭಾಗ್ಯ ಇಲ್ಲ.

ಕೈಗೆ ಕಚ್ಚಿಕೊಳ್ಳುವುದು ನಿಜ. ಎಳೆಗಳು ಸೀಳಿಕೊಂಡಿರುತ್ತವೆ, ಒಡೆದ ಬೆರಳ ತುದಿ, ಒರಟು ಹಿಮ್ಮಡಿ ಸಿಕ್ಕರೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಕೆಲವರಿಗೆ ಇದು ಅಭ್ಯಾಸವಾಗುತ್ತದೆ, ಕೆಲವರಿಗೆ ಕೊನೆಗೂ ಆಗುವುದಿಲ್ಲ. ಆಗದಿದ್ದರೆ ಮುಲಾಜು ಬೇಡ, ಬಿಟ್ಟುಬಿಡಿ. ಸಣ್ಣ ಕುಣಿಕೆಗಳಿರುವ ಅಥವಾ ಜೇನುಗೂಡಿನ ಹಾಗೆ ಚೌಕಚೌಕ ನೇಯ್ಗೆಯ ಟವೆಲ್‌ಗಳೂ ಸಿಗುತ್ತವೆ. ಸ್ವಲ್ಪ ತೂಕ ಜಾಸ್ತಿ, ಮೈಗೆ ಹಿತ.

ಪ್ರ: ವಯಸ್ಸು 67. ಚಾರ್‌ಧಾಮ್‌ಗೆ ಹೊರಟಿದ್ದೇವೆ. ನಾನು ಎಲ್ಲ ಯಾತ್ರೆಗೂ ಪಾಣಿಪಂಚೆ ಹಿಡಿದುಕೊಂಡು ಹೋದವನು. ಮಗ ನಗುತ್ತಾನೆ, ಹೊಸ ಟವೆಲ್ ತರಿಸುತ್ತೇನೆ ಅಂತಾನೆ. ಬೇಕಾ? – ಹಿರಿಯ ಓದುಗರು, ಉಡುಪಿ

ಉ: ಬೇಡ ಸರ್. ಮಗನಿಗೆ ಈ ಲೆಕ್ಕ ತೋರಿಸಿ. ಟವೆಲ್ ಲೇಬಲ್ ಮೇಲೆ ಜಿಎಸ್‌ಎಂ ಅಂತ ಇರುತ್ತದೆ, ಒಂದು ಚದರ ಮೀಟರ್ ಬಟ್ಟೆಗೆ ಎಷ್ಟು ಗ್ರಾಂ ಅಂತ. 500 ಜಿಎಸ್‌ಎಂನ 70ಕ್ಕೆ 140 ಸೆಂ.ಮೀ. ಟರ್ಕಿ ಟವೆಲ್ ಒಣಗಿದ್ದಾಗಲೇ 490 ಗ್ರಾಂ. 200 ಜಿಎಸ್‌ಎಂನ 60ಕ್ಕೆ 120ರ ಮೈಕ್ರೋಫೈಬರ್ 144 ಗ್ರಾಂ. ನಿಮ್ಮ ಪಂಚೆಯನ್ನು ತಕ್ಕಡಿಗೆ ಹಾಕಿ ನೋಡಿ, ತೆಳು ನೇಯ್ಗೆಯದಾದರೆ ಅದೂ ಈ ಎರಡನೆಯದರ ಆಸುಪಾಸೇ ಬರುತ್ತದೆ, ಅಳತೆಯಲ್ಲಿ ಮಾತ್ರ ಅದಕ್ಕಿಂತ ದೊಡ್ಡದು.

ಪಂಚೆಯೂ ಹತ್ತಿಯೇ, ಆದರೆ ಅದಕ್ಕೆ ಕುಣಿಕೆ ಇಲ್ಲ, ದಪ್ಪ ಇಲ್ಲ. ಹಿಂಡಿ ಎರಡು ಸಲ ಝಾಡಿಸಿದರೆ ಅರ್ಧ ಕೆಲಸ ಮುಗಿಯಿತು. ಕೇರಳದ ತೋರ್ತು, ಬಂಗಾಳದ ಗಮ್ಛಾ, ಅಸ್ಸಾಮಿನ ಗಮೋಸಾ, ಎಲ್ಲ ಇದೇ ಜಾತಿ. ಮಳೆ ಜಾಸ್ತಿ ಇರುವ ಕಡೆಯೆಲ್ಲ ಜನ ತೆಳು ಬಟ್ಟೆಯನ್ನೇ ಹೆಗಲಿಗೆ ಹಾಕಿಕೊಂಡಿದ್ದಾರೆ ನೋಡಿ. ಅದನ್ನು ಉಟ್ಟುಕೊಂಡು ಬಟ್ಟೆ ಬದಲಿಸಬಹುದು, ಬಿಸಿಲಿಗೆ ತಲೆಗೆ ಸುತ್ತಬಹುದು, ಬಸ್ಸಲ್ಲಿ ಹೊದೆಯಬಹುದು.

ಬದರಿಯಲ್ಲಿ ದರ್ಶನಕ್ಕೆ ಮುಂಚೆ ತಪ್ತಕುಂಡದ ಬಿಸಿನೀರಲ್ಲಿ ಸ್ನಾನ ಮಾಡುತ್ತಾರಲ್ಲ, ಊರು ಇರುವುದು 3,100 ಮೀಟರ್ ಎತ್ತರದಲ್ಲಿ, ಹೊರಗೆ ಬಂದ ಕೂಡಲೇ ಚಳಿ ಹಿಡಿಯುತ್ತದೆ. ಅಲ್ಲಿಗೆ ಎರಡು ಪಂಚೆ ಇಟ್ಟುಕೊಳ್ಳಿ. ಒಂದು ಒರೆಸೋಕೆ, ಒಂದು ಒಣಗಿದ್ದು ಸುತ್ತಿಕೊಳ್ಳೋಕೆ. ಮಗನನ್ನೂ ಕರೆದುಕೊಂಡು ಹೋಗುವುದಾದರೆ ಅವನಿಗೂ ಒಂದು.

ಪ್ರ: ನನ್ನ ಕೂದಲು ಸೊಂಟದ ತನಕ ಇದೆ. ಟ್ರಾವೆಲ್ ಟವೆಲ್ ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತದೆ, ಮನೆಗೆ ಬಂದರೆ ಕರವಸ್ತ್ರ! ಯಾವ ಸೈಜ್ ತಗೊಳ್ಳಲಿ? – ಓದುಗಿ, ದಾವಣಗೆರೆ

ಉ: ಫೋಟೋ ನೋಡಬೇಡಿ, ಸೆಂಟಿಮೀಟರ್ ನೋಡಿ. ಮನೆಯಲ್ಲಿರುವ ಒಂದು ಟವೆಲನ್ನು ಅಷ್ಟೇ ಅಳತೆಗೆ ಮಡಚಿ ಮೈಗೆ ಹಿಡಿದುಕೊಳ್ಳಿ, ಗೊತ್ತಾಗುತ್ತದೆ. 40ಕ್ಕೆ 80 ಮುಖಕ್ಕೆ, ಕೈಗೆ ಸರಿ. 60ಕ್ಕೆ 120ರಲ್ಲಿ ಮೈ ಒರೆಸಬಹುದು, ಸುತ್ತಿಕೊಳ್ಳೋಕೆ ಆಗುವುದಿಲ್ಲ. ಸುತ್ತಿಕೊಂಡು ಬಟ್ಟೆ ಬದಲಿಸಬೇಕು ಅಂದರೆ 75ಕ್ಕೆ 150 ಆದರೂ ಬೇಕು. ಸಂಗಮದ ಘಾಟಿನಲ್ಲೋ, ಹತ್ತು ಜನ ಕಾಯುತ್ತಿರುವ ಬಾತ್‌ರೂಮ್ ಮುಂದೋ ಇದೇ ದೊಡ್ಡ ವಿಷಯ, ಟವೆಲ್ ರಿವ್ಯೂ ಬರೆಯುವ ಗಂಡಸರು ಇದರ ಬಗ್ಗೆ ಚಕಾರ ಎತ್ತುವುದಿಲ್ಲ.

ಕೂದಲಿಗೆ ಬೇರೆಯೇ ಇಡಿ. ಮೈಕ್ರೋಫೈಬರ್ ನಿಜಕ್ಕೂ ತನ್ನ ದುಡ್ಡು ವಸೂಲು ಮಾಡಿಕೊಡುವುದು ಇಲ್ಲಿ. ಸಣ್ಣದೊಂದನ್ನು ಕೂದಲಿಗೆ ಬಿಗಿಯಾಗಿ ಸುತ್ತಿ, ಬಿಚ್ಚಿ, ಹಿಂಡಿ, ಮತ್ತೆ ಸುತ್ತಿ. ಮೈಗೆ ತೆಳು ಹತ್ತಿಯದ್ದು ದೊಡ್ಡದು. ಎರಡೂ ಸೇರಿದರೂ ಒಂದು ಟರ್ಕಿ ಟವೆಲ್ ತೂಕ ಬರುವುದಿಲ್ಲ.

ಪ್ರ: ನಮ್ಮದು ಮಲೆನಾಡು. ಜುಲೈನಲ್ಲಿ ನಮ್ಮ ಮನೆಯಲ್ಲಿ ಏನೂ ಒಣಗಲ್ಲ. ಈ ಟವೆಲ್ ಒಣಗುತ್ತಾ? – ಓದುಗ, ತೀರ್ಥಹಳ್ಳಿ

ಉ: ಪೂರ್ತಿ ಒಣಗಲ್ಲ. ನಿಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಗಾಳಿಯೇ ನೀರು ತುಂಬಿಕೊಂಡಿರುವಾಗ ಟವೆಲ್‌ನ ನೀರು ಹೋಗುವುದು ಎಲ್ಲಿಗೆ? ಅದೇ ಟವೆಲ್ ಲೇಹ್‌ನಲ್ಲಿ, ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆಯ ಊರಲ್ಲಿ, ಟೀ ಕುಡಿದು ಬರುವಷ್ಟರಲ್ಲಿ ಗರಿಗರಿಯಾಗಿರುತ್ತದೆ. ಟವೆಲ್ ಹೊಗಳಿದವರು ಯಾವ ಊರಲ್ಲಿ ಕೂತು ಹೊಗಳಿದರು ಅಂತ ಕೇಳಬೇಕು.

ಆದರೂ ಒಂದು ಲಾಭ ಇದೆ. ಜೋರಾಗಿ ಹಿಂಡಿದ ಮೈಕ್ರೋಫೈಬರ್ ತಣ್ಣಗಿದ್ದರೂ ಮತ್ತೆ ನೀರು ಎಳೆಯುತ್ತದೆ. ಒದ್ದೆ ಟರ್ಕಿ ಟವೆಲ್ ಎಳೆಯುವುದಿಲ್ಲ. ಮಳೆಗಾಲದಲ್ಲಿ ನಾನು ಇದನ್ನು ಆಯ್ದುಕೊಳ್ಳುವುದು ಈ ಕಾರಣಕ್ಕೆ. ಹಿಂಡಿದ್ದನ್ನು ಒಣ ಬನಿಯನ್ ಒಳಗೆ ಸುತ್ತಿ ಮತ್ತೊಮ್ಮೆ ಹಿಂಡಿದರೆ ಉಳಿದ ನೀರೂ ಒಂದಷ್ಟು ಬನಿಯನ್‌ಗೆ ಹೋಗುತ್ತದೆ. ಬನಿಯನ್ ಬಗ್ಗೆ ನನ್ನನ್ನು ಕೇಳಬೇಡಿ.

ಮರೆಯಬಾರದ ವಿಷಯ ಇನ್ನೊಂದು. ಬಚ್ಚಲು ಒಲೆಯ ಮೇಲಿನ ಗಳಕ್ಕೆ ಬಟ್ಟೆ ಹಾಕುವ ಅಭ್ಯಾಸ ನಿಮ್ಮ ಕಡೆ ಇರುತ್ತದೆ. ಮೈಕ್ರೋಫೈಬರನ್ನು ಅಲ್ಲಿ ಹಾಕಬೇಡಿ. ಇದು ಪ್ಲಾಸ್ಟಿಕ್ ಬಟ್ಟೆ, ಕಿಡಿ ಬಿದ್ದರೆ ಕರಗಿ ತೂತು. ಕ್ಯಾಂಪ್‌ಫೈರ್ ಪಕ್ಕದಲ್ಲೂ ಅಷ್ಟೇ, ಇಸ್ತ್ರಿಪೆಟ್ಟಿಗೆಯೂ ಬೇಡ.

ಪ್ರ: ಜರ್ಮನಿಯಲ್ಲಿ ಓದುತ್ತಿದ್ದೇನೆ. ರಜೆಯಲ್ಲಿ ಬ್ಯಾಗ್ ಹಾಕಿಕೊಂಡು, ಪ್ರವಾಸಿಗರು ತಂಗುವ ಒಂದು ಹಾಸ್ಟೆಲ್‌ನಿಂದ ಇನ್ನೊಂದು ಹಾಸ್ಟೆಲ್‌ಗೆ ಸುತ್ತುತ್ತೇನೆ. ಟವೆಲ್ ಒಂದು ವಾರಕ್ಕೇ ನಾರುತ್ತದೆ. ‘ಆ್ಯಂಟಿ ಬ್ಯಾಕ್ಟೀರಿಯಲ್’ ಅಂತ ಜಾಸ್ತಿ ದುಡ್ಡು ಕೊಟ್ಟೆ, ಉಪಯೋಗ ಇಲ್ಲ. – ವಿದ್ಯಾರ್ಥಿ, ಮ್ಯೂನಿಕ್

ಉ: ಬೆಳಿಗ್ಗೆ ಸ್ನಾನ, ಹತ್ತು ಗಂಟೆಗೆ ಚೆಕ್‌ಔಟ್, ಒದ್ದೆ ಟವೆಲ್ ಪ್ಲಾಸ್ಟಿಕ್ ಕವರಿಗೆ, ಕವರು ಬ್ಯಾಗಿನ ತಳಕ್ಕೆ. ಹೀಗೇ ಅಲ್ವಾ? ನಾರದೆ ಇನ್ನೇನು ಮಾಡುತ್ತದೆ ಪಾಪ.

ಹಾಸ್ಟೆಲ್‌ನ ಬಾಡಿಗೆ ಟವೆಲ್‌ಗೆ ದುಡ್ಡು ಕೊಡುವ ಬದಲು ಸ್ವಂತದ್ದು ಒಯ್ಯುವುದು ಸರಿ. ಆದರೆ ಸ್ನಾನವನ್ನು ರಾತ್ರಿಗೆ ಹಾಕಿಕೊಳ್ಳಿ, ಟವೆಲ್‌ಗೆ ಇಡೀ ರಾತ್ರಿ ಸಿಗುತ್ತದೆ. ಮಂಚದ ಕಂಬಿಗೆ ಒಂದೇ ಪದರವಾಗಿ ಹರಡಿ, ಮಡಚಿ ಹಾಕಿದರೆ ಮಡಿಕೆಯೊಳಗೆ ನೀರು ಹಾಗೇ ಉಳಿಯುತ್ತದೆ. ಬೆಳಿಗ್ಗೆ ಮುಖ ತೊಳೆದು ಒದ್ದೆಯಾದರೆ ಬ್ಯಾಗಿನ ಹೊರಗೆ ಕಟ್ಟಿ, ಬಲೆ ಜೇಬಿದ್ದರೆ ಅದರಲ್ಲಿ.

ಪಾಲಿಯೆಸ್ಟರ್ ನೀರನ್ನು ಬಿಟ್ಟುಕೊಟ್ಟಷ್ಟು ಸುಲಭವಾಗಿ ಮೈಯ ಜಿಡ್ಡನ್ನು ಬಿಡುವುದಿಲ್ಲ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಆ್ಯಂಟಿ ಬ್ಯಾಕ್ಟೀರಿಯಲ್ ಅಂತ ಬೆಳ್ಳಿ ಲೇಪ ಹಚ್ಚಿದ ಟವೆಲ್ ಆದರೂ ಒಗೆಯುತ್ತಾ ಹೋದ ಹಾಗೆ ಲೇಪ ತೆಳುವಾಗುತ್ತದೆ, ಜಿಡ್ಡು ಮಾತ್ರ ದಿನಾ ಹೊಸದು. ಎರಡು ಮೂರು ದಿನಕ್ಕೊಮ್ಮೆ ಸ್ನಾನದ ಸೋಪನ್ನೇ ಹಚ್ಚಿ ತಿಕ್ಕಿ, ನೊರೆ ಪೂರ್ತಿ ಹೋಗುವ ತನಕ ಜಾಲಿಸಿ. ಲಾಂಡ್ರಿ ಮಷಿನ್ ಸಿಕ್ಕರೆ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಲೇಬೇಡಿ, ಅದು ಎಳೆಗಳಿಗೆ ಅಂಟಿಕೊಂಡು ನೀರು ಹೀರುವ ಗುಣವನ್ನೇ ತೆಗೆಯುತ್ತದೆ. ಹತ್ತಿ ಟೀಶರ್ಟ್ ಜೊತೆಗೂ ಹಾಕಬೇಡಿ, ಅದರ ನೂಲಿನ ಧೂಳೆಲ್ಲ ಟವೆಲ್‌ಗೆ ಬಂದು ಕೂರುತ್ತದೆ. ಇನ್ನು ಪ್ರತಿ ಒಗೆತಕ್ಕೂ ಇದರಿಂದ ಸಣ್ಣ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುತ್ತವೆ. ಅದಕ್ಕೇ ಹೊಳೆ, ಕೆರೆಯಲ್ಲಿ ನೇರವಾಗಿ ಒಗೆಯೋದು ನನಗೆ ಇಷ್ಟವಾಗುವುದಿಲ್ಲ.

ಪ್ರ: ಕಾರು ಒರೆಸುವ ಮೈಕ್ರೋಫೈಬರ್ ಬಟ್ಟೆ ಇದೇ ತಾನೇ? ಅದನ್ನೇ ಒಯ್ದರೆ? – ಓದುಗ, ಮೈಸೂರು

ಉ: ಜಾತಿ ಒಂದೇ. ಹೊಸದನ್ನು ಎರಡು ಸಲ ಬೇರೆಯಾಗಿ ಒಗೆದು, ಬಣ್ಣ ಬಿಡುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಒಯ್ಯಿರಿ. ಈ ಬಟ್ಟೆ ನಿಮ್ಮ ಮೈಗೆ ಒಗ್ಗುತ್ತದೋ ಇಲ್ಲವೋ ಅಂತ ಕಮ್ಮಿ ಖರ್ಚಲ್ಲಿ ನೋಡೋಕೆ ಒಳ್ಳೇ ದಾರಿ. ಕಾರು ಒರೆಸಿದ್ದನ್ನಲ್ಲ ಮತ್ತೆ!

ಪ್ರ: ಈಜುವವರು ಡಬ್ಬಿಯಲ್ಲಿ ಒದ್ದೆಯಾಗಿಯೇ ಇಟ್ಟುಕೊಳ್ಳುವ ಸ್ಪಂಜಿನಂಥ ಟವೆಲ್ ಹೇಗೆ? – ಓದುಗಿ, ಮಂಗಳೂರು

ಉ: ಅದು ಪಿವಿಎ, ಅಂದರೆ ಪಾಲಿವಿನೈಲ್ ಆಲ್ಕೋಹಾಲ್ ಅನ್ನುವ ಪ್ಲಾಸ್ಟಿಕ್‌ನ ಸ್ಪಂಜು. ನೀರು ಚೆನ್ನಾಗಿ ಎಳೆಯುತ್ತದೆ, ಆದರೆ ಒಣಗಿದರೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ, ಒದ್ದೆಯಾಗಿಯೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಈಜುಕೊಳಕ್ಕೆ ಸರಿ. ಪ್ರವಾಸಕ್ಕೆ ಬೇಡ.

ಪ್ರ: ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರ್‌ಕಾಂತಾ ಬೆಟ್ಟಕ್ಕೆ ಹೋಗುತ್ತಿದ್ದೇವೆ, ಮೊದಲ ಹಿಮದ ಚಾರಣ. ಯಾವ ಟವೆಲ್? – ಗೆಳೆಯರ ಬಳಗ, ತುಮಕೂರು

ಉ: 12,500 ಅಡಿ, ಸುತ್ತ ಹಿಮ. ಅಲ್ಲಿ ಸ್ನಾನ ಮಾಡುವ ಯೋಚನೆ ಇದ್ದರೆ ಮೊದಲು ಅದನ್ನು ಬಿಡಿ. ಒಬ್ಬೊಬ್ಬರಿಗೆ ಒಂದೊಂದು, ಅಂಗೈಯಗಲದ ಎರಡರಷ್ಟು ಸಣ್ಣ ಮೈಕ್ರೋಫೈಬರ್ ಸಾಕು, ಮುಖಕ್ಕೆ, ಕೈಗೆ. ಬೆಳಿಗ್ಗೆ ಟೆಂಟಿನ ಒಳಬದಿಯಲ್ಲಿ ನಿಮ್ಮದೇ ಉಸಿರು ಹನಿಗಟ್ಟಿ ನಿಂತಿರುತ್ತದೆ. ಅದು ಸ್ಲೀಪಿಂಗ್ ಬ್ಯಾಗ್ ಮೇಲೆ ಉದುರುವ ಮೊದಲು ಒರೆಸಿ ತೆಗೆಯೋಕೆ ಗುಂಪಿಗೆ ಇನ್ನೊಂದು ಬೇರೆ ಬಟ್ಟೆ ಇರಲಿ.

ಒದ್ದೆ ಟವೆಲನ್ನು ಮೈ ಶಾಖಕ್ಕೆ ಒಣಗಲಿ ಅಂತ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಂಡು ಮಲಗುವವರಿದ್ದಾರೆ. ಟವೆಲ್ ಒಣಗುತ್ತದೆ, ಆ ತೇವ ಬ್ಯಾಗಿಗೆ ಹೋಗುತ್ತದೆ. ಬ್ಯಾಗಿನೊಳಗೆ ಹಕ್ಕಿ ಪುಕ್ಕ ತುಂಬಿದ್ದರೆ ಅದು ಒದ್ದೆಯಾಗಿ ಮುದುಡಿಕೊಂಡು ರಾತ್ರಿಯೆಲ್ಲ ನಡುಕ. ಟವೆಲ್ ಹೊರಗೇ ಹೆಪ್ಪುಗಟ್ಟಲಿ ಬಿಡಿ. ಬೆಳಿಗ್ಗೆ ಎರಡು ಕೈಯಲ್ಲಿ ಉಜ್ಜಿ, ಝಾಡಿಸಿ, ಮಂಜುಗಡ್ಡೆ ಪುಡಿಪುಡಿಯಾಗಿ ಉದುರುತ್ತದೆ. ಆಮೇಲೆ ಬೆನ್ನಿನ ಬ್ಯಾಗಿಗೆ ಕಟ್ಟಿಕೊಂಡು ನಡೆಯಿರಿ, ಕ್ಲಿಪ್ ಹಾಕೋದು ಮಾತ್ರ ಮರೆಯಬೇಡಿ, ಅಲ್ಲಿ ಗಾಳಿ ಜೋರು.