ಕುಮಟಾದ ತಂಗಿಗೆ: ಆ ಖಾಲಿ ಸಾಲಿನಲ್ಲಿ ನಿನ್ನ ಹೆಸರು ಬರೆ

ತಂಗೀ,

ನಿನ್ನ ಪತ್ರ ಎರಡು ಸಲ ಓದಿದೆ. ಆಗಸ್ಟಿನಲ್ಲಿ ಕುಮಟಾದಿಂದ ಅಮೆರಿಕದ ಒಹಾಯೊಕ್ಕೆ ಬಂದಿದ್ದೀಯ. ಯಜಮಾನರದು ಕೆಲಸದ ವೀಸಾ ಎಚ್-1ಬಿ, ನಿನ್ನದು ಅವರ ಹೆಂಡತಿಯೆಂದು ಸಿಕ್ಕ ಎಚ್-4. ಊರಲ್ಲಿ ಆರು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು, ಈಗ ಬೆಳಿಗ್ಗೆ ಮಗಳನ್ನು ಶಾಲೆ ಬಸ್ಸಿಗೆ ಹತ್ತಿಸಿದರೆ ಮಧ್ಯಾಹ್ನ ಅವಳು ಬರುವ ತನಕ ಒಬ್ಬರ ಜೊತೆಗೂ ಮಾತಿಲ್ಲ ಎಂದು ಬರೆದಿದ್ದೀಯ. ವಾಲಂಟಿಯರ್ ಬೇಕು ಎಂದು ಶಾಲೆಯಿಂದ ವಾರಕ್ಕೊಂದು ಮೇಲ್ ಬರುತ್ತದೆ, ಹೋಗಬಹುದಾ, ವೀಸಾಕ್ಕೆ ತೊಂದರೆಯಾ, ನನ್ನ ಇಂಗ್ಲಿಷ್ ಕೇಳಿ ನಕ್ಕರೆ ಏನು ಮಾಡಲಿ ಎಂದು ಕೇಳಿದ್ದೀಯ. ಕೊನೆಗೆ ಒಂದು ಸಾಲು: "ನನ್ನನ್ನು ಹೆಸರು ಹಿಡಿದು ಯಾರೂ ಕರೆದಿಲ್ಲವಲ್ಲ ಅಕ್ಕಾ." ಆ ಸಾಲಿನಿಂದಲೇ ಶುರು ಮಾಡುತ್ತೇನೆ. ನಾನು ಎರಡು ವರ್ಷ ಕಳೆದುಕೊಂಡದ್ದು ಅದರಲ್ಲೇ.

ನಮ್ಮದು ಶಿರಸಿ ತಾಲೂಕಿನ ಹಳ್ಳಿ, ಅಡಿಕೆ ತೋಟದ ಮನೆ. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯುವುದಕ್ಕೆ ಅಕ್ಕಪಕ್ಕದ ಮನೆಯವರು ಬರುತ್ತಿದ್ದರು, ಇನ್ನೊಂದು ದಿನ ನಾವು ಅವರ ಮನೆಗೆ. ಮುಯ್ಯಾಳು ಎಂದರೆ ನಿನಗೆ ವಿವರಿಸಬೇಕಾಗಿಲ್ಲ. ಕನ್ನಡ ಶಾಲೆಯ ಗ್ಯಾದರಿಂಗ್ ಬಂತೆಂದರೆ ಅಪ್ಪ ತೋಟದಿಂದ ಅಡಿಕೆ ದಬ್ಬೆ ಹೊತ್ತು ತಂದು ಸ್ಟೇಜಿಗೆ ಹಾಕುತ್ತಿದ್ದ. ಮದುವೆ ಮನೆಗೆ ಹಿಂದಿನ ಸಂಜೆ ಹೋಳು ಹೆಚ್ಚಲು ಹೋಗುವಾಗ, ಅವರು ಕರೆದಿದ್ದಾರಾ ಎಂದು ನಾನು ಕೇಳಿದರೆ ಅಮ್ಮ "ಕರೆಯೋಕೆ ನಾವೆಂತ ನೆಂಟ್ರಾ?" ಎನ್ನುತ್ತಿದ್ದಳು. ನೆಂಟರನ್ನು ಕರೆಯಬೇಕು, ಊರವರು ಬಂದೇ ಬರುತ್ತಾರೆ. ಹಾಗೆ ಬೆಳೆದವಳು ನಾನು. 2004ರಲ್ಲಿ ನಾರ್ತ್ ಕೆರೊಲಿನಾಕ್ಕೆ ಬಂದಾಗ ಈ ಊರಿನವಳು ನಾನಲ್ಲ ಅನ್ನಿಸಿತು. ಊರವಳಲ್ಲ ಅಂದಮೇಲೆ ನೆಂಟಳು, ನೆಂಟಳನ್ನು ಯಾರಾದರೂ ಕರೆಯಬೇಕು. ಹಾಗೆಂದುಕೊಂಡು ಕಾದೆ.

ಮಗನ ಶಾಲೆಯ ಬಾಗಿಲ ಹತ್ತಿರ ಗೋಡೆಗೆ ಒಂದು ಹಾಳೆ ಅಂಟಿಸಿರುತ್ತಿದ್ದರು. ದಿನ, ಹೊತ್ತು, ಕೆಲಸ, ಎದುರಿಗೆ ಹೆಸರು ಬರೆಯಲು ಖಾಲಿ ಗೆರೆ. ಅದು ಒಬ್ಬರಿಗೊಬ್ಬರು ಮೊದಲೇ ಗೊತ್ತಿದ್ದವರ ವ್ಯವಹಾರ ಎಂದೇ ತಿಳಿದಿದ್ದೆ. ಎರಡನೇ ವರ್ಷ, ಮಂಗಳವಾರ ಹತ್ತರಿಂದ ಹನ್ನೊಂದು, ಲೈಬ್ರರಿ ಎಂಬ ಗೆರೆ ಮೂರು ವಾರ ಖಾಲಿಯೇ ಇತ್ತು. ಲೈಬ್ರರಿ ನೋಡಿಕೊಳ್ಳುವ ಹೆಂಗಸು, ಲೈಬ್ರರಿಯ ಬಾಯಿ, ಒಬ್ಬರೇ ಪುಸ್ತಕದ ಗಾಡಿ ತಳ್ಳುತ್ತಾ ಹೋಗುವುದನ್ನು ಕಿಟಕಿಯಿಂದ ನೋಡಿದೆ. ಹೆಸರು ಬರೆದೆ. ಮುಂದಿನ ಮಂಗಳವಾರ ಹೋದರೆ ನನ್ನ ಹೆಸರಿನ ಚೀಟಿ ಬರೆದಿಟ್ಟು, ಒಂದು ಕುರ್ಚಿ ಹಾಕಿ ಕಾಯುತ್ತಿದ್ದರು. ತಂಗೀ, ಇಲ್ಲಿ ಆ ಖಾಲಿ ಗೆರೆಯೇ ಕರೆ. ಬೇರೆ ಕರೆ ಬರುವುದಿಲ್ಲ. ಅವರಿಗೆ ಮನಸ್ಸಿಲ್ಲ ಎಂದಲ್ಲ. ಮನೆಯಲ್ಲಿ ಎಷ್ಟು ಕಷ್ಟವಿದೆಯೋ ಏನೋ, ಮುಖ ನೋಡಿ ಕೇಳಿದರೆ ಒತ್ತಾಯ ಮಾಡಿದ ಹಾಗಾಗುತ್ತದೆ ಎಂಬ ಸಂಕೋಚ ಇಲ್ಲಿಯವರಿಗೆ.

ಇನ್ನು ವೀಸಾ. ಇದನ್ನು ಗಮನವಿಟ್ಟು ಓದು. ಎಚ್-4ರಲ್ಲಿ ವರ್ಕ್ ಪರ್ಮಿಟ್ ಇಲ್ಲದೆ ದುಡಿಯುವ ಹಾಗಿಲ್ಲ. ಶಾಲೆ, ಸಾರ್ವಜನಿಕ ಲೈಬ್ರರಿ, ದೇವಸ್ಥಾನ, ಲಾಭಕ್ಕಲ್ಲದ ಸೇವಾಸಂಸ್ಥೆ, ಇಂಥಲ್ಲಿ ಸಂಬಳವಿಲ್ಲದೆ, ಮುಂದೆ ಸಂಬಳ ಸಿಗುತ್ತದೆ ಎಂಬ ಮಾತೂ ಇಲ್ಲದೆ, ಸ್ವಇಚ್ಛೆಯಿಂದ ಸೇವೆ ಮಾಡಬಹುದು. ಲಾಭದ ಕಂಪನಿಯಲ್ಲಿ ಬಿಟ್ಟಿ ಕೆಲಸ ಮಾಡಕೂಡದು. "ಈಗ ಪುಕ್ಕಟೆ ಮಾಡಿ, ಪರ್ಮಿಟ್ ಬಂದಮೇಲೆ ಸೇರಿಸಿಕೊಳ್ಳುತ್ತೇವೆ" ಎಂದು ಯಾರಾದರೂ ಹೇಳಿದರೆ ಆ ಬಾಗಿಲಿಂದಲೇ ಹಿಂದೆ ಬಾ. ಬೇರೆಯವರು ದುಡ್ಡು ಪಡೆದು ಮಾಡುವ ಅದೇ ಹುದ್ದೆಯನ್ನು ನೀನು ಪುಕ್ಕಟೆ ತುಂಬುವುದೂ ಅಪಾಯ. ಮನೆಯಲ್ಲೇ ದುಡ್ಡು ತೆಗೆದುಕೊಂಡು ಟ್ಯೂಷನ್, ಮಕ್ಕಳನ್ನು ನೋಡಿಕೊಳ್ಳುವುದು, ಡಬ್ಬಿ ಊಟ ಕೊಡುವುದು ಕೂಡ ಕೆಲಸವೇ. ಎಲ್ಲರೂ ಮಾಡುತ್ತಾರೆ ಎಂದು ನಿನಗೆ ಹೇಳುವವರು ಸಿಗುತ್ತಾರೆ, ಕೇಳಬೇಡ. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾದವರ ಹೆಂಡತಿ ಅಥವಾ ಗಂಡ ವರ್ಕ್ ಪರ್ಮಿಟ್ ಕೇಳಬಹುದು ಎಂದಾದದ್ದು 2015ರ ಮೇ ತಿಂಗಳಿನಿಂದ. ನಾನು ಬಂದಾಗ ಅದೂ ಇರಲಿಲ್ಲ. ಯಾವುದಾದರೂ ಕೆಲಸದ ಬಗ್ಗೆ ಅನುಮಾನ ಬಂದರೆ ಯಜಮಾನರ ಆಫೀಸಿನ ವೀಸಾ ವಕೀಲರಿಗೆ ಒಂದು ಮೇಲ್ ಹಾಕಿಸು, ಸಂಕೋಚ ಬೇಡ.

ಮಕ್ಕಳ ಹತ್ತಿರ ಕೆಲಸ ಮಾಡುವವರಿಗೆ ಶಾಲೆಯವರು ಹಿನ್ನೆಲೆ ತಪಾಸಣೆ ಮಾಡುತ್ತಾರೆ. ಆ ಫಾರ್ಮಿನಲ್ಲಿ ಇಲ್ಲಿಯ ಸರಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳಬಹುದು, ಪರ್ಮಿಟ್ ಇಲ್ಲದ ನಿನಗೆ ಅದಿರುವುದಿಲ್ಲ. ಗಾಬರಿಯಾಗಿ ಯಜಮಾನರ ನಂಬರ್ ಬರೆದುಬಿಡಬೇಡ. ಖಾಲಿ ಬಿಟ್ಟು, ಪಾಸ್‌ಪೋರ್ಟ್ ಹಿಡಿದುಕೊಂಡು ಆಫೀಸಿಗೆ ಹೋಗಿ ನನ್ನ ಹತ್ತಿರ ಇಲ್ಲ ಎಂದು ಹೇಳು. ಎಚ್-4ನವರಿಗೂ ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆ. ಶಾಲೆಗೆ ಹೋದಾಗಲೆಲ್ಲ ಗುರುತಿಗೆ ಅದನ್ನೇ ಕೇಳುತ್ತಾರೆ, ಅದನ್ನು ಮೊದಲು ಮಾಡಿಸು.

ಇಂಗ್ಲಿಷಿನ ಚಿಂತೆ ಬಿಡು ಎಂದರೆ ಬಿಡಲಿಕ್ಕಾಗುವುದಿಲ್ಲ, ಗೊತ್ತು. ನನಗೂ ಆಗಿರಲಿಲ್ಲ. ಅದಕ್ಕೇ ಮೊದಲು ಕೈಗೆ ಕೆಲಸ ಇರುವಂಥದ್ದನ್ನು ಆರಿಸು: ಪುಸ್ತಕ ಜೋಡಿಸುವುದು, ಬುಕ್ ಫೇರಿನಲ್ಲಿ ನಿಲ್ಲುವುದು, ಅಕ್ಕೋರಿಗೆ ಹಾಳೆ ಕತ್ತರಿಸಿ ಕೊಡುವುದು. ಕೈ ಓಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಆರು ತಿಂಗಳಾದ ಮೇಲೆ ಒಂದನೇ ತರಗತಿಯ ಅಕ್ಕೋರು ಒಬ್ಬ ಹುಡುಗನ ಜೊತೆ ಕುಳಿತು ಓದಿಸುತ್ತೀರಾ ಎಂದರು. ಗ್ವಾಟೆಮಾಲಾದಿಂದ ಆಗಷ್ಟೇ ಬಂದವ, ಬಾಯೇ ಬಿಡುತ್ತಿರಲಿಲ್ಲ. ನಾನು ಒಂದೊಂದು ಶಬ್ದಕ್ಕೂ ಬೆರಳಿಟ್ಟು, ನಮ್ಮ ಮಾಸ್ತರು ನಮಗೆ ಓದಿಸಿದ ಹಾಗೆ, ನಿಧಾನ ಓದಿದೆ. ಬೇರೆಯವರ ವೇಗದ ಇಂಗ್ಲಿಷ್ ಅವನಿಗೆ ಹಿಡಿಯಲು ಬರುತ್ತಿರಲಿಲ್ಲ, ನನ್ನದು ಬಂತು. ಮೇ ತಿಂಗಳಲ್ಲಿ ಅವನೇ ನನಗೊಂದು ಕಪ್ಪೆಯ ಕಥೆ ಓದಿ ಹೇಳಿದ. ಆ ದಿನ ಮನೆಗೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ಅತ್ತಿದ್ದೇನೆ, ಸಂತೋಷಕ್ಕೆ. ನೀನು ಆರು ವರ್ಷ ಪಾಠ ಮಾಡಿದವಳು. ನಿನ್ನನ್ನು ಅವರು ಹಾಳೆ ಕತ್ತರಿಸಲು ಬಹಳ ದಿನ ಬಿಡುವುದಿಲ್ಲ.

ಆದರೆ ನಮ್ಮ ಕೆಲವು ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಬೇರೆಯವರ ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಇರಬೇಡ. ಮುದ್ದು ಬಂತೆಂದು ಕೆನ್ನೆ ಹಿಂಡಬೇಡ. ಫೋಟೋ ತೆಗೆಯಬೇಡ. ನಮ್ಮಲ್ಲಿ ದೇವಸ್ಥಾನದಲ್ಲಿ ಸಿಕ್ಕವರಿಗೆ "ನಿಮ್ಮ ಮಾಣಿ ಗಣಿತದಲ್ಲಿ ಸ್ವಲ್ಪ ಹಿಂದೆ" ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಇಲ್ಲಿ ಮಕ್ಕಳ ಶಾಲಾ ದಾಖಲೆಯ ಗುಟ್ಟು ಕಾಯಲು 1974ರಿಂದ ಕಾನೂನೇ ಇದೆ. ತರಗತಿಯಲ್ಲಿ ಕಂಡದ್ದು ಅಲ್ಲಿಯೇ ಉಳಿಯಲಿ, ಮನೆಯಲ್ಲಿ ಯಜಮಾನರಿಗೂ ಹೇಳಬೇಡ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸು. ಹೇಳದೆ ತಪ್ಪಿಸಿದರೆ ಅವರಿಗೆ ಬಹಳ ಬೇಸರವಾಗುತ್ತದೆ.

ತಿಂಡಿಯ ವಿಷಯ ಹೇಳಲೇಬೇಕು. ಮೊದಲ ವರ್ಷ ತರಗತಿಯ ಪಾರ್ಟಿಗೆ ಗೇರುಬೀಜ ಹಾಕಿದ ಕೊಬ್ಬರಿ ಬರ್ಫಿ ಮಾಡಿ ಒಯ್ದಿದ್ದೆ, ರಾತ್ರಿ ಹನ್ನೊಂದರ ತನಕ ಕೂತು. ಅಕ್ಕೋರು ಥ್ಯಾಂಕ್ಸ್ ಹೇಳಿ ತಟ್ಟೆಯನ್ನು ಕಪಾಟಿನ ಮೇಲಿಟ್ಟರು, ಒಬ್ಬರಿಗೂ ಕೊಡಲಿಲ್ಲ. ನಮ್ಮ ತಿಂಡಿ ಇವರಿಗೆ ಹೇಸಿಗೆ ಎಂದುಕೊಂಡು ವಾರಗಟ್ಟಲೆ ನೊಂದೆ. ಆಮೇಲೆ ತಿಳಿಯಿತು, ಆ ತರಗತಿಯ ಒಂದು ಹುಡುಗಿಗೆ ಬೀಜದ ಅಲರ್ಜಿ ಇತ್ತು, ಒಂದು ಚೂರು ಬಾಯಿಗೆ ಹೋದರೆ ಉಸಿರು ಕಟ್ಟುವಂಥದ್ದು, ಅವಳ ಇಂಜೆಕ್ಷನ್ ಅಕ್ಕೋರ ಮೇಜಿನಲ್ಲೇ ಇರುತ್ತಿತ್ತು. ಕಳಿಸಿದ ಸೂಚನೆ ನಾನು ಓದಿರಲಿಲ್ಲ. ಪ್ಯಾಕೆಟ್ಟಿನ ಮೇಲೆ ಶೇಂಗಾ, ಬೀಜಗಳು, ಹಾಲು, ಗೋಧಿ ಹೀಗೆ ಎಂಟು ಬಗೆಯ ಅಲರ್ಜಿ ಪದಾರ್ಥ ಇದೆಯೇ ಎಂದು ಕಡ್ಡಾಯವಾಗಿ ಬರೆಯಬೇಕು. 2023ರಿಂದ ಒಂಬತ್ತನೆಯದಾಗಿ ಎಳ್ಳೂ ಸೇರಿದೆ. ಹಾಗಾಗಿ ಎಳ್ಳುಂಡೆಯನ್ನೂ ಕೇಳದೆ ಒಯ್ಯಬೇಡ. ಚೀಟಿ ಇರುವ ಅಂಗಡಿಯ ಪ್ಯಾಕೆಟ್ ತನ್ನಿ ಎಂದರೆ ಅದನ್ನೇ ತೆಗೆದುಕೊಂಡು ಹೋಗು.

ಕೊಡಬೇಕೆಂದಿದ್ದರೆ ಬೇರೆ ಇದೆ. ಬಹಳ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಇಂಟರ್‌ನ್ಯಾಷನಲ್ ನೈಟ್ ಮಾಡುತ್ತಾರೆ. ನಾನು ಒಂದು ಮೇಜು ಕೇಳಿ ಪಡೆದು, ಯಕ್ಷಗಾನದಲ್ಲಿ ತಲೆಗೆ ಕಟ್ಟುವ ಕೇದಗೆ ಮುಂದಲೆಯನ್ನು ರಟ್ಟು, ಬಣ್ಣದ ಕಾಗದದಲ್ಲಿ ಮಾಡಿಟ್ಟೆ, ಕಾರವಾರದ ಕಡಲಿನ ಚಿತ್ರ ಹಚ್ಚಿದೆ. ಮತ್ತೆ ಕೇಳಿದವರ ಹೆಸರನ್ನೆಲ್ಲ ಕನ್ನಡದಲ್ಲಿ ಬರೆದು ಕೊಟ್ಟೆ. ಎರಡು ತಾಸು ತಲೆ ಎತ್ತಲಿಕ್ಕಾಗಲಿಲ್ಲ, ಅಷ್ಟು ಮಕ್ಕಳು ಸಾಲು ನಿಂತಿದ್ದರು. ನನ್ನ ಮಗ ಪಕ್ಕದಲ್ಲಿ ನಿಂತು ಇದು 'ಮ', ಇದು 'ಯ' ಎಂದು ತನ್ನ ಸ್ನೇಹಿತರಿಗೆ ಓದಿ ತೋರಿಸುತ್ತಿದ್ದ. ಅಲ್ಲಿಯವರೆಗೆ ಶಾಲೆಯ ಒಳಗೆ ಅವನು ಕನ್ನಡದ ಒಂದಕ್ಷರ ಆಡಿದ್ದನ್ನು ನಾನು ಕೇಳಿರಲಿಲ್ಲ.

ಪಾಲಕರು ಮತ್ತು ಶಿಕ್ಷಕರ ಸಂಘ, ಪಿಟಿಎ, ಅದರ ಸಭೆಗೆ ಹೋಗು. ನಮ್ಮ ಎಸ್‌ಡಿಎಂಸಿಯಂತೆ ಸದಸ್ಯರಾಗಿ ಆರಿಸಿ ಬರಬೇಕಾಗಿಲ್ಲ, ವರ್ಷದ ಸಣ್ಣ ಚಂದಾ ಕೊಟ್ಟರೆ ಯಾವ ಪಾಲಕರೂ ಸೇರಬಹುದು. 1897ರಲ್ಲಿ ವಾಷಿಂಗ್ಟನ್ನಿನಲ್ಲಿ ಇಬ್ಬರು ಹೆಂಗಸರು, ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್, ತಾಯಂದಿರ ಸಮಾವೇಶವಾಗಿ ಶುರುಮಾಡಿದ್ದು ಇದು. ಕಪ್ಪು ಮಕ್ಕಳ ಶಾಲೆಗಳು ಬೇರೆಯೇ ಇದ್ದ ಕಾಲದಲ್ಲಿ ಸೆಲೀನಾ ಬಟ್ಲರ್ ಎಂಬವರು 1926ರಲ್ಲಿ ಆ ಪಾಲಕರ ಸಂಘವನ್ನು ರಾಷ್ಟ್ರಮಟ್ಟದಲ್ಲಿ ಕಟ್ಟಿದರು. ಎರಡೂ ಒಂದಾದದ್ದು 1970ರಲ್ಲಿ. ಇದನ್ನು ಏಕೆ ಹೇಳಿದೆನೆಂದರೆ, ಆ ಸಭೆಯ ಕುರ್ಚಿ ನಮಗಾಗಿ ಅಲ್ಲ ಎಂದು ನಿನಗೆ ಅನ್ನಿಸುತ್ತದೆ. ಅದಕ್ಕಾಗಿ ಬೇರೆ ತಾಯಂದಿರು ನಮಗಿಂತ ಎಷ್ಟೋ ಕಷ್ಟ ಪಟ್ಟಿದ್ದಾರೆ. ಸ್ಕೂಲ್ ಬೋರ್ಡಿನ ಸಭೆಯೂ ಸಾರ್ವಜನಿಕವೇ. ಬಸ್ಸಿನ ಹೊತ್ತೋ, ಊಟದ್ದೋ, ತಕರಾರು ಇದ್ದರೆ ಹೆಸರು ಕೊಟ್ಟು ಎರಡು ಮೂರು ನಿಮಿಷ ಮಾತನಾಡಲು ಹೆಚ್ಚಿನ ಕಡೆ ಅವಕಾಶವಿದೆ.

ಒಂದೇ ಒಂದು ಎಚ್ಚರ. ಲೈಬ್ರರಿಯ ಎದುರು, ಲೈಸೆನ್ಸ್ ಆಫೀಸಿನಲ್ಲಿ, ಮೇಳಗಳಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಿ ಎಂದು ನಗುನಗುತ್ತಾ ಫಾರ್ಮ್ ಕೊಡುತ್ತಾರೆ. ಪೌರತ್ವ ಇಲ್ಲದವರು ಅದಕ್ಕೆ ಸಹಿ ಹಾಕಲೇಬಾರದು. ತಿಳಿಯದೆ ಹಾಕಿದೆ ಎಂದರೂ ಮುಂದೆ ಗ್ರೀನ್ ಕಾರ್ಡಿಗೆ, ಇಲ್ಲಿ ಉಳಿಯುವುದಕ್ಕೇ ಕುತ್ತು ಬರಬಹುದು. "ನಾನು ಸಿಟಿಜನ್ ಅಲ್ಲ" ಎಂದು ಹೇಳಿ ಮುಂದೆ ಹೋಗು, ಅವರೇನೂ ತಿಳಿದುಕೊಳ್ಳುವುದಿಲ್ಲ.

ಕನ್ನಡ ಕೂಟಕ್ಕೂ ಹೋಗು, ವಾರಾಂತ್ಯದ ಕನ್ನಡ ತರಗತಿಗೆ ನಿನ್ನಂಥ ಅಕ್ಕೋರು ಸಿಕ್ಕರೆ ಅವರು ಬಿಡುವುದಿಲ್ಲ. ಆದರೆ ಕೂಟವೊಂದೇ ಸಾಕು ಅನ್ನಬೇಡ. ಮಗಳಿಗೆ ಜ್ವರ ಬಂದ ದಿನ, ಹಿಮ ಬಿದ್ದು ಯಜಮಾನರು ದಾರಿಯಲ್ಲಿ ಸಿಕ್ಕಿಕೊಂಡ ದಿನ, ನಾಲ್ಕು ಮನೆ ಆಚೆ ಇರುವವರೇ ಬರಬೇಕು. ನನ್ನ ಕಷ್ಟಕ್ಕೆ ಮೊದಲು ಬಂದು ಬಾಗಿಲು ತಟ್ಟಿದವರು ಅದೇ ಲೈಬ್ರರಿಯ ಬಾಯಿ, ಕೈಯಲ್ಲಿ ಸೂಪಿನ ಪಾತ್ರೆ. ಮುಯ್ಯಾಳು ಇಲ್ಲಿಯೂ ಇದೆ.

ಈ ವಾರ ಶಾಲೆಯ ಮೇಲ್ ಬಂದಾಗ ಒಂದು ತಾಸಿನದು, ವಾರಕ್ಕೊಮ್ಮೆಯದು, ನಡೆದು ಹೋಗಬಹುದಾದದ್ದು ಒಂದೇ ಆರಿಸಿ ಹೆಸರು ಬರೆ. ಫಾರ್ಮಿನಲ್ಲಿ ಎಲ್ಲಾದರೂ ತೊಡಕಾದರೆ ನನಗೆ ಫೋನ್ ಮಾಡು. ಮಂಗಳವಾರ ಹತ್ತರಿಂದ ಹನ್ನೊಂದು ಮಾತ್ರ ಸಿಗುವುದಿಲ್ಲ. ಮಗ ಆ ಶಾಲೆ ಬಿಟ್ಟು 15 ವರ್ಷ ಆಗುತ್ತಾ ಬಂತು, ಆ ಹೊತ್ತಿನಲ್ಲಿ ನಾನು ಈಗಲೂ ಅಲ್ಲಿಯೇ ಪುಸ್ತಕ ಜೋಡಿಸುತ್ತಿರುತ್ತೇನೆ.