ಕುಂಚವನ್ನು ತುಟಿಗೆ ಒಯ್ದ ಕೈ

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಶಿಕ್ಷಕಿ. ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿದು ಕಾಯಿಲೆಗೆ ಬಿದ್ದ ಅಮೆರಿಕದ ಯುವತಿಯರ ಕಥೆಯನ್ನು ಮಕ್ಕಳಿಂದ ಆಡಿಸುತ್ತಿದ್ದೇನೆ. ಮಾಲೀಕನನ್ನು ಖಳನನ್ನಾಗಿಸಿ, ದವಡೆ ಕೊಳೆಯುವುದನ್ನು ಬಣ್ಣ ಹಚ್ಚಿ ತೋರಿಸಬೇಕೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಇದು ಸರಿಯೇ? ಆ ಕಾಲದ ಗಡಿಯಾರವೊಂದು ಸಿಕ್ಕಿದೆ, ಅದನ್ನು ರಂಗದ ಮೇಲೆ ಬಳಸಬಹುದೇ?

ಉತ್ತರ: ಗಡಿಯಾರದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ: ದಯವಿಟ್ಟು ಬಳಸಬೇಡಿ, ಅದನ್ನು ಬಿಚ್ಚಲೂ ಬೇಡಿ. ಬಣ್ಣ ಈಗ ಹೊಳೆಯದಿದ್ದರೆ ಅದರಲ್ಲಿನ ಸತುವಿನ ಸಲ್ಫೈಡ್ ಸವೆದಿದೆ ಎಂದಷ್ಟೇ ಅರ್ಥ. ವಿಕಿರಣ ಸೂಸುವ ರೇಡಿಯಂ ಅದರಲ್ಲಿ ಇನ್ನೂ ಇದೆ, ಅದು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ವಿಕಿರಣವಿಲ್ಲದ ಹೊಳೆಯುವ ಬಣ್ಣಗಳು ಈಗ ಸುಲಭವಾಗಿ ಸಿಗುತ್ತವೆ, ರಂಗಕ್ಕೆ ಅವೇ ಸಾಕು.

ಖಳನ ವಿಚಾರದಲ್ಲಿ ನಾನು ನಿಮ್ಮ ಸಹೋದ್ಯೋಗಿಗಳನ್ನು ಒಪ್ಪುವುದಿಲ್ಲ. ಮಾಲೀಕರು ನಿರ್ದೋಷಿಗಳೆಂದಲ್ಲ, ನ್ಯೂಜೆರ್ಸಿಯ ಆರೆಂಜ್‌ನಲ್ಲಿದ್ದ ಕಾರ್ಖಾನೆಯಲ್ಲಿ ರಸಾಯನಶಾಸ್ತ್ರಜ್ಞರು ಸೀಸದ ತಡೆ ಮತ್ತು ಇಕ್ಕಳಗಳನ್ನು ಬಳಸುತ್ತಿದ್ದಾಗ, ಕುಂಚದ ಮೊನೆ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಒತ್ತಿಕೊಳ್ಳುವುದನ್ನು ಹುಡುಗಿಯರಿಗೆ ಕಲಿಸಲಾಗಿತ್ತು. ಆದರೆ ಮೀಸೆ ತಿರುವುವ ಪಾತ್ರವೊಂದು ಬಂದ ಕೂಡಲೇ ತಪ್ಪೆಲ್ಲ ಅವನೊಬ್ಬನ ಕೆಟ್ಟತನಕ್ಕೆ ಅಂಟಿಕೊಂಡು, ರೇಡಿಯಂ ಬೆರೆಸಿದ ನೀರನ್ನು ಟಾನಿಕ್ ಎಂದು ಮಾರುತ್ತಿದ್ದ ಆ ಕಾಲದ ಮೋಹವೂ, ಗಾಯವಾದ ಎರಡು ವರ್ಷದೊಳಗೆ ದಾವೆ ಹೂಡಬೇಕೆಂದಿದ್ದ ನ್ಯೂಜೆರ್ಸಿಯ ಕಾನೂನೂ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಕ್ಯಾಲ್ಸಿಯಂನಂತೆಯೇ ವರ್ತಿಸುವ ರೇಡಿಯಂ ಮೂಳೆಯೊಳಗೆ ಸೇರಿಕೊಂಡು ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಕಾನೂನಿನ ಗಡುವು ಮುಗಿದಿರುತ್ತಿತ್ತು. ನಾಟಕದ ಹುರುಳಿರುವುದು ಈ ಅಂತರದಲ್ಲಿ ಎಂದು ನನಗನ್ನಿಸುತ್ತದೆ.

ಆದ್ದರಿಂದ ಮೊದಲ ದೃಶ್ಯಕ್ಕೆ ಧಾರಾಳವಾಗಿ ಸಮಯ ಕೊಡಿ. ತುಟಿ, ಬಣ್ಣ, ಗಡಿಯಾರ, ಮತ್ತೆ ತುಟಿ: ಈ ಲಯವನ್ನು ಮಕ್ಕಳು ನಗುತ್ತ, ಹರಟುತ್ತ, ಉಗುರಿಗೂ ಹಲ್ಲಿಗೂ ಬಣ್ಣ ಬಳಿದುಕೊಳ್ಳುತ್ತ ಆಡಲಿ, ಆ ಹುಡುಗಿಯರು ನಿಜಕ್ಕೂ ಹಾಗೆ ಮಾಡುತ್ತಿದ್ದರು. ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1925ರಲ್ಲಿ ಕಾಯಿಲೆಗೆ ರೇಡಿಯಂ ಕಾರಣವೆಂದು ತೋರಿಸಿದ ಪ್ರಸಂಗವನ್ನು ಚುಟುಕಾಗಿ ಮುಗಿಸಬಹುದು. ಆ ಹುಡುಗಿಯರಲ್ಲೊಬ್ಬಳಾದ ಗ್ರೇಸ್ ಫ್ರೈಯರ್ ವಕೀಲರಿಗಾಗಿ ಅಲೆದದ್ದನ್ನು ಮಾತ್ರ ಬಿಡಬೇಡಿ. ಅವಳೂ ಇನ್ನೂ ನಾಲ್ವರೂ ಹೂಡಿದ ದಾವೆ 1928ರಲ್ಲಿ ರಾಜಿಯಾಗಿ, ತಲಾ 10,000 ಡಾಲರ್, ವರ್ಷಕ್ಕೆ 600 ಡಾಲರ್ ಪಿಂಚಣಿ ಮತ್ತು ಚಿಕಿತ್ಸೆಯ ವೆಚ್ಚ ಕೊಡುವುದೆಂದು ತೀರ್ಮಾನವಾಯಿತು. ಇದನ್ನು ಗೆಲುವಿನ ಸಂಗೀತದೊಂದಿಗೆ ತೋರಿಸಿದರೆ ಸುಳ್ಳಾಗುತ್ತದೆ.

ಇನ್ನು ದವಡೆಯ ಗಾಯ. ಕೃತಕ ರಕ್ತಕ್ಕೆ ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದು ನಗುವುದೇ ಹೆಚ್ಚು, ಅದು ಬೇಡ. 1928ರ ಆ ದಾವೆಯ ವಿಚಾರಣೆಯಲ್ಲಿ ಪ್ರಮಾಣವಚನಕ್ಕೆ ಕೈಯೆತ್ತುವ ಶಕ್ತಿಯೂ ಆ ಹೆಂಗಸರಿಗಿರಲಿಲ್ಲ. ಮೊದಲ ದೃಶ್ಯದಲ್ಲಿ ಸಲೀಸಾಗಿ ಕುಂಚವನ್ನು ತುಟಿಗೆ ಒಯ್ದ ಅದೇ ಹುಡುಗಿ, ಅದೇ ಕೈಯನ್ನು ಎತ್ತಲು ಹೊರಟು ಅರ್ಧಕ್ಕೇ ನಿಲ್ಲಲಿ. ಗಾಯದ ಬಣ್ಣವೇ ಬೇಕಾಗುವುದಿಲ್ಲ.