ಹೊರಗೆ ದುಡಿದು ಬೆಳೆದವರಿಗೆ ಸರ್ವೈವರ್ ಥರದ ಶೋ ಸುಲಭವಾ?

ನೀವು ಕೇಳಿದ್ದು ಎರಡು ವಿಷಯ. ಸರ್ವೈವರ್, ಅಲೋನ್ ಥರದ, ಜನರನ್ನು ದ್ವೀಪದಲ್ಲೋ ಕಾಡಿನಲ್ಲೋ ಬಿಟ್ಟು ಕೊನೆಯವರೆಗೆ ಯಾರು ಉಳಿಯುತ್ತಾರೆ ಅಂತ ನೋಡುವ ಟಿವಿ ಶೋಗಳಲ್ಲಿ ತೋಟ, ಕಾಡು, ಕಡಲು ಅಂತ ಹೊರಗೇ ದುಡಿಯುವವರಿಗೆ ಜಿಮ್‌ನಲ್ಲಿ ತಯಾರಾದವರಿಗಿಂತ ಹೆಚ್ಚು ಅನುಕೂಲ ಇದೆಯಾ? ಬೆಂಗಳೂರಿನಲ್ಲಿ ಆಫೀಸ್ ಕೆಲಸದಲ್ಲಿರುವ ನೀವು ಅಂಥ ಶೋಗೆ ಹೋಗಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಮನೆಯಲ್ಲಿ ಅಡಿಕೆ ತೋಟ ಇದೆ. ಮರ ಹತ್ತುವುದು, ಮದ್ದು ಬಿಡುವುದು, ಕೊಯ್ಲು ಎಲ್ಲ ನಾನೇ ಮಾಡುತ್ತೇನೆ. ರಾತ್ರಿ ಊಟ ಆದ ಮೇಲೆ ಇಂಥ ಶೋಗಳನ್ನು ಕೂತು ನೋಡುತ್ತೇನೆ. ನೋಡುವಾಗ ಗಮನ ಹೋಗುವುದು ಅವರ ಕಾಲಿನ ಕಡೆಗೆ, ಉಸಿರಿನ ಕಡೆಗೆ.

ಅನುಕೂಲ ಖಂಡಿತ ಇದೆ. ಆದರೆ ಅದು ತೋಳಿನ ಬಲದ್ದಲ್ಲ. ಹೊರಗೆ ದುಡಿಯುವವರು ಬಲವನ್ನು ಹಿಡಿದು ಖರ್ಚು ಮಾಡಲು ಕಲಿತಿರುತ್ತಾರೆ. ಇಡೀ ದಿನದ ಕೆಲಸ ಬಾಕಿ ಇರುವವನು ಬೆಳಿಗ್ಗೆಯೇ ಮೈ ಬರಿದು ಮಾಡಿಕೊಳ್ಳುವುದಿಲ್ಲ.

ನಮ್ಮಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ನೋಡಿದರೆ ಇದು ಗೊತ್ತಾಗುತ್ತದೆ. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಬಾಗಿಲಲ್ಲಿ ಒಮ್ಮೆ ಅಡಿಕೆ ಗೊನೆಗೆ ಬಿಡಬೇಕು. ಮತ್ತೆ 40–45 ದಿನಕ್ಕೆ ಇನ್ನೊಮ್ಮೆ. ಆ ಎರಡನೆಯದು ಆಟಿ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮಳೆಯ ನಡುವೆ ಬರುತ್ತದೆ. ಮರದ ಮೈಯೆಲ್ಲ ಪಾಚಿ. ಬಿಸಿಲು ಒಂದು ಗಂಟೆ ಸಿಕ್ಕಿತು ಅಂದರೆ ಹತ್ತಿಬಿಡಬೇಕು. ಪಳಗಿದವರು ಒಂದು ಮರ ಮುಗಿದರೆ ಕೆಳಗಿಳಿಯುವುದಿಲ್ಲ. ಮರವನ್ನು ತೂಗಿ ಪಕ್ಕದ ಮರ ಹಿಡಿದು ದಾಟುತ್ತಾರೆ. ಹೊಸಬರು ಕೈಯಲ್ಲಿ ಮೈ ಎಳೆದುಕೊಂಡು ಹತ್ತುತ್ತಾರೆ. ಒಂಬತ್ತು ಗಂಟೆಗೆಲ್ಲ ಅವರ ಮುಂಗೈ ನಡುಗಲು ಶುರು. ಪಳಗಿದವರು ಕಾಲಿನಲ್ಲಿ ಹತ್ತುತ್ತಾರೆ, ಕೈ ಬರೀ ಆಸರೆಗೆ. ಮೇಲೆ ಹೋದ ಮೇಲೂ ಒಂದೇ ಭಂಗಿಯಲ್ಲಿ ಇರುವುದಿಲ್ಲ. ಭಾರವನ್ನು ಈ ಕಾಲಿಂದ ಆ ಕಾಲಿಗೆ ಹಾಕುತ್ತಾ ಇರುತ್ತಾರೆ. ಇದನ್ನು ಯಾರೂ ಪಾಠದ ಹಾಗೆ ಹೇಳಿಕೊಡುವುದಿಲ್ಲ. ಮೈಗೆ ತಾನಾಗಿ ಬರುತ್ತದೆ.

ಸರ್ವೈವರ್‌ನ ತಾಳ್ಮೆಯ ಪಂದ್ಯಗಳಲ್ಲಿ ಕೇಳುವುದೂ ಇದನ್ನೇ. ಪಲಾವು ಅನ್ನುವ ದ್ವೀಪದೇಶದಲ್ಲಿ ನಡೆದ 2005ರ ಸೀಸನ್ನಿನ ಕೊನೆಯ ಪಂದ್ಯ ಸಿಕ್ಕಿದರೆ ನೋಡಿ. ಕಡಲಿನಲ್ಲಿ ತೇಲುವ ಬೋಯಾಗಳ ಮೇಲೆ ನಿಂತು, ಕಂಬ ಹಿಡಿದುಕೊಂಡು ಇರಬೇಕು. ಟಾಮ್ ವೆಸ್ಟ್‌ಮನ್ ಮತ್ತು ಇಯಾನ್ ರೋಸೆನ್‌ಬರ್ಗರ್ ಹತ್ತಿರ ಹತ್ತಿರ 12 ಗಂಟೆ ಇದ್ದರು. ಟಾಮ್ ನ್ಯೂಯಾರ್ಕಿನ ಅಗ್ನಿಶಾಮಕ ದಳದವರು, ಇಯಾನ್ ಡಾಲ್ಫಿನ್ ಪಳಗಿಸುವವರು. ಇಬ್ಬರದೂ ಹೊರಗಿನ ಕೆಲಸ, ಮೈ ಬಗ್ಗಿಸುವ ಕೆಲಸ. ಕೊನೆಗೆ ಇಯಾನ್ ಇಳಿದದ್ದು ಕಾಲು ಸೋತು ಅಲ್ಲ. ಟಾಮ್ ಜೊತೆಗಿನ ಸ್ನೇಹ ಕೆಟ್ಟಿತಲ್ಲ ಅನ್ನುವ ಕೊರಗಿನಲ್ಲಿ, ತಾನಾಗಿ ಇಳಿದರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಿಸಿಲಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೈ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ರಕ್ತದಲ್ಲಿ ನೀರಿನ ಅಂಶ ಹೆಚ್ಚುತ್ತದೆ. ಎ.ಸಿ. ರೂಮಿನಲ್ಲಿ ಎಷ್ಟು ಭಾರ ಎತ್ತಿದರೂ ಇದು ಬರುವುದಿಲ್ಲ. ಕಾಂಬೋಡಿಯದಲ್ಲಿ ನಡೆದ, 2016ರಲ್ಲಿ ಪ್ರಸಾರವಾದ ಸೀಸನ್ನಿನಲ್ಲಿ ಕೇಲೆಬ್ ರೆನಾಲ್ಡ್ಸ್ ಬಿಸಿಲಲ್ಲಿ ಮರಳು ಅಗೆಯುವ ಪಂದ್ಯದ ನಂತರ ಕುಸಿದು ಬಿದ್ದರು, ಹೆಲಿಕಾಪ್ಟರಿನಲ್ಲಿ ಕರೆದೊಯ್ಯಬೇಕಾಯಿತು. ಅವರು ಸೈನ್ಯದಲ್ಲಿದ್ದವರು, ಕಟ್ಟುಮಸ್ತಾದ ಆಳು. ತಾಕತ್ತು ಜಾಸ್ತಿ ಇರುವವರು ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ, ಅಲ್ಲೇ ಅಪಾಯ. ತೋಟದಲ್ಲಿ ಹಾಗೆ ಮಾಡುವವರನ್ನು ಹಿರಿಯರು ಬೈದು ನೆರಳಿಗೆ ಕರೆದು, ಬೆಲ್ಲ ನೀರು ಕೊಟ್ಟು ಕೂರಿಸುತ್ತಾರೆ.

ಅದೇ ಸೀಸನ್ನಿನಲ್ಲಿ ಇನ್ನೊಬ್ಬರು ಮೊಣಕಾಲಿನ ಗಾಯ ಕೀವಾಗಿ ಹೊರಟರು. ಚಿಕ್ಕ ಗಾಯ ಅಂತ ಬಿಟ್ಟರೆ ಹಾಗೇ. ಮಳೆಗಾಲದಲ್ಲಿ ನಮ್ಮವರು ಸಂಜೆ ಕಾಲು ತೊಳೆದು, ಒರೆಸಿ, ಬೆರಳ ಸಂದಿಗೆ ಎಣ್ಣೆ ಹಚ್ಚದೆ ಮಲಗುವುದಿಲ್ಲ.

ಈಗ ಮನಸ್ಸಿನ ಮಾತು. ಅದಕ್ಕೆ ನಮ್ಮ ಕಡೆಯ ಸುರಂಗ ತೋಡುವವರ ಬಗ್ಗೆ ಹೇಳಲೇಬೇಕು. ಪೆರ್ಲ, ಬಾಯಾರು, ಪಡ್ರೆ ಈ ಕಡೆಗೆಲ್ಲ ಬಾವಿಗಿಂತ ಸುರಂಗದ ನೀರನ್ನು ನಂಬಿದ ಮನೆಗಳು ಬಹಳ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆಯುತ್ತಾ ಹೋಗುವುದು. ಒಬ್ಬ ಮನುಷ್ಯ ಹಿಡಿಯುವಷ್ಟೇ ಅಗಲ. ಕೆಲವು ಹತ್ತಾರು ಮೀಟರಿಗೆ ನಿಲ್ಲುತ್ತವೆ, ಕೆಲವು ನೂರಾರು ಮೀಟರ್ ಒಳಗೆ ಹೋಗಿವೆ. ಒಳಗೆ ಒಬ್ಬರು ಪಿಕ್ಕಾಸು ಹಿಡಿದು ಕೂತು ಕಡಿಯುತ್ತಾರೆ, ಇನ್ನೊಬ್ಬರು ಮಣ್ಣು ಹೊರಗೆ ಹೊರುತ್ತಾರೆ. ನಾನು ಮಣ್ಣು ಹೊತ್ತಿದ್ದೇನೆ. ಬೆಳಕಿಗೆ ಒಂದು ಕ್ಯಾಂಡಲ್. ಅದು ಮಂಕಾದರೆ ಗಾಳಿ ಸಾಲದು ಅಂತ ಲೆಕ್ಕ. ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು.

ಅಲ್ಲಿ ನೀರು ಇವತ್ತು ಸಿಗುತ್ತದೆ, ನಾಳೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಕಲ್ಲಿನ ಬಣ್ಣ, ತೇವ ನೋಡಿ ಅಂದಾಜು ಮಾಡುವುದು. ತಿಂಗಳುಗಟ್ಟಲೆ ಕಡಿದ ಮೇಲೂ ಒಣ ಕಲ್ಲೇ ಇರಬಹುದು. ಇಷ್ಟಾದರೂ ಆ ಹಿರಿಯರಲ್ಲಿ ನಾನು ಅವಸರ ನೋಡಿಲ್ಲ. ಪ್ರತಿದಿನ ಒಂದೇ ಹೊತ್ತಿಗೆ ಬರುತ್ತಾರೆ, ಅಳತೆಗೆ ಕಡಿಯುತ್ತಾರೆ, ಗಂಜಿ ಹೊತ್ತಿಗೆ ಹೊರಗೆ ಬಂದು ಆಕಾಶ ನೋಡುತ್ತಾ ಊಟ ಮಾಡುತ್ತಾರೆ. ಕತ್ತಲೆ, ಒಂಟಿತನ, ಫಲ ಯಾವಾಗ ಅಂತ ಗೊತ್ತಿಲ್ಲದ ಕೆಲಸ. ಅಲೋನ್ ಶೋ ನೋಡುವಾಗ ನನಗೆ ಮತ್ತೆ ಮತ್ತೆ ಇವರೇ ನೆನಪಾಗುತ್ತಾರೆ.

ಅಲೋನ್ ಗೊತ್ತಿಲ್ಲದವರಿಗೆ: ಒಬ್ಬೊಬ್ಬರನ್ನೇ ಬೇರೆ ಬೇರೆ ಕಡೆ ಕಾಡಿನಲ್ಲಿ ಬಿಡುತ್ತಾರೆ. ಆರಿಸಿಕೊಂಡ 10 ಸಾಮಾನು, ಜೊತೆಗೆ ಕ್ಯಾಮೆರಾ. ಶೂಟಿಂಗ್ ಕೂಡ ತಾವೇ ಮಾಡಿಕೊಳ್ಳಬೇಕು. ಎದುರಾಳಿಗಳಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಸಾಕು ಅನ್ನಿಸಿದರೆ ಸ್ಯಾಟಲೈಟ್ ಫೋನಿನಲ್ಲಿ ಕರೆದರೆ ಮುಗಿಯಿತು. 2015ರ ಮೊದಲ ಸೀಸನ್ನಿನಲ್ಲಿ ಒಬ್ಬರು ಕರಡಿಯ ಭಯಕ್ಕೆ ಒಂದು ದಿನವೂ ಇರಲಿಲ್ಲ. ಗೆದ್ದ ಅಲನ್ ಕೇ 56 ದಿನ ಇದ್ದರು.

ಈ ಶೋದಲ್ಲಿ ಹೊರಗಿನ ಬದುಕಿನ ತೂಕ ಎಲ್ಲಕ್ಕಿಂತ ಹೆಚ್ಚು. ಆರನೆಯ ಸೀಸನ್ ಗೆದ್ದ ಜೋರ್ಡನ್ ಜೋನಾಸ್ ಸೈಬೀರಿಯದಲ್ಲಿ ಹಿಮಸಾರಂಗ ಸಾಕುವ ಇವೆಂಕಿ ಜನರ ಜೊತೆ ಇದ್ದು ಬಂದವರು. ಕೆನಡಾದ ಗ್ರೇಟ್ ಸ್ಲೇವ್ ಸರೋವರದ ದಡದಲ್ಲಿ 77 ದಿನ ಇದ್ದರು. ಮೂಸ್ ಅನ್ನುವ ದೊಡ್ಡ ಕಡವೆಯಂಥ ಪ್ರಾಣಿಯನ್ನೇ ಬೇಟೆಯಾಡಿದರು. ಮುಂದಿನ ಸೀಸನ್ನಿನಲ್ಲಿ ಗುರಿಯೇ 100 ದಿನ, ಬಹುಮಾನ 10 ಲಕ್ಷ ಡಾಲರ್. ಅದನ್ನು ಮುಟ್ಟಿದ್ದು ರೋಲೆಂಡ್ ವೆಲ್ಕರ್, ಬೇಟೆಯಲ್ಲೇ ಪಳಗಿದವರು. ಇಬ್ಬರಿಗೂ ಸಿಕ್ಕಿದ್ದು ದೊಡ್ಡ ಪ್ರಾಣಿ, ಅಂದರೆ ಕೊಬ್ಬು. ಮೊಲದಂಥ ಕೊಬ್ಬಿಲ್ಲದ ಮಾಂಸವನ್ನೇ ತಿನ್ನುತ್ತಾ ಇದ್ದರೆ ಹೊಟ್ಟೆ ತುಂಬಿದರೂ ಮೈ ಸೊರಗುತ್ತದೆ. ಇದು ಓದಿ ತಿಳಿಯಬಹುದು. ಆದರೆ ಹಸಿದಾಗ ಓಡಾಟ ಕಡಿಮೆ ಮಾಡಿ, ಎಲ್ಲಿ ಕಷ್ಟಪಟ್ಟರೆ ಲಾಭ ಅಂತ ಕೂತು ಯೋಚಿಸುವುದು ಅಭ್ಯಾಸದಿಂದಲೇ ಬರಬೇಕು.

ಮೂರನೆಯ ಸೀಸನ್ನಿನ ಕಾರ್ಲಿ ಫೇರ್‌ಚೈಲ್ಡ್ ಅವರನ್ನು ನೋಡಿದಾಗ ನನಗೆ ಬಹಳ ಬೇಸರವಾಯಿತು. ಪ್ಯಾಟಗೋನಿಯಾದಲ್ಲಿ 86 ದಿನ ಇದ್ದರು. ಮನಸ್ಸು ಗಟ್ಟಿಯಾಗಿಯೇ ಇತ್ತು. ಆದರೆ ಮೈತೂಕ ಮಿತಿಗಿಂತ ಕೆಳಗೆ ಇಳಿಯಿತು ಅಂತ ವೈದ್ಯರು ಹೊರಗೆ ಕರೆದರು. ಗೆದ್ದ ಜಾಕರಿ ಫೌಲರ್ ಇದ್ದದ್ದು 87 ದಿನ, ಕಾರ್ಲಿಗಿಂತ ಒಂದೇ ಒಂದು ದಿನ ಹೆಚ್ಚು. ನೀವು ಜಿಮ್‌ನಲ್ಲಿ ಕೊಬ್ಬೆಲ್ಲ ಕರಗಿಸಿ ಸಿಕ್ಸ್ ಪ್ಯಾಕ್ ಮಾಡಿಕೊಂಡು ಹೋಗಬೇಕೆಂದಿದ್ದರೆ ದಯವಿಟ್ಟು ಈ ಸೀಸನ್ ನೋಡಿ. ಆ ಕೊಬ್ಬೇ ನಿಮ್ಮ ಬುತ್ತಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳಬೇಕು. ತೋಟವಾಗಲಿ ಕಾಡಾಗಲಿ ನಿಮಗೆ ವೋಟು ಹಾಕುವುದಿಲ್ಲ. ಸರ್ವೈವರ್‌ನಲ್ಲಿ ಯಾರು ಹೊರಗೆ ಹೋಗಬೇಕು, ಕೊನೆಗೆ ಯಾರು ಗೆಲ್ಲಬೇಕು ಅಂತ ವೋಟು ಹಾಕುವುದು ಜೊತೆಯಲ್ಲಿ ಆಡಿದ ಜನ.

2000ನೇ ಇಸವಿಯ ಮೊದಲ ಅಮೆರಿಕನ್ ಸೀಸನ್ನೇ ಇದಕ್ಕೆ ದೊಡ್ಡ ಸಾಕ್ಷಿ. ಬೋರ್ನಿಯೋ ಹತ್ತಿರದ ಪುಲಾವು ಟಿಗಾ ದ್ವೀಪ. ಕೊನೆಗೆ ಮೂವರು ಉಳಿದರು. ಮುಂದಿನ ಪಂದ್ಯ ಗೆದ್ದವರು ಉಳಿದ ಇಬ್ಬರಲ್ಲಿ ಒಬ್ಬರನ್ನು ಕೊನೆಯ ವೋಟಿಗೆ ಜೊತೆಗೆ ಕರೆದೊಯ್ಯಬೇಕು. ಕಂಬದ ಮೇಲೆ ಕೈ ಇಟ್ಟು ನಿಲ್ಲಬೇಕು, ಕೈ ತೆಗೆದವರು ಹೊರಗೆ. ಕೆಲ್ಲಿ ವಿಗಲ್ಸ್‌ವರ್ತ್ ನದಿಯಲ್ಲಿ ರಾಫ್ಟಿಂಗ್ ಮಾಡಿಸುವ ಗೈಡ್. ರೂಡಿ ಬೋಶ್ 72 ವರ್ಷದ ಹಿರಿಯರು, ನೌಕಾಪಡೆಯ ಕಮಾಂಡೋ ಆಗಿದ್ದವರು. ರಿಚರ್ಡ್ ಹ್ಯಾಚ್ ಕಂಪನಿಗಳಲ್ಲಿ ತರಬೇತಿ ಕೊಡುವವರು. ರಿಚರ್ಡ್ ತಾವಾಗಿಯೇ ಮೊದಲು ಕೈ ತೆಗೆದರು. ನಾಲ್ಕು ಗಂಟೆ ಆದ ಮೇಲೆ ರೂಡಿ ಜಾಗ ಬದಲಾಯಿಸುವಾಗ ಮರೆತು ಕೈ ಎತ್ತಿದರು. ಕೆಲ್ಲಿ ಗೆದ್ದರು. ಆದರೆ ಮೊದಲೇ ಹೊರಹೋದ ಆಟಗಾರರು ಹಾಕುವ ಕೊನೆಯ ವೋಟಿನಲ್ಲಿ 4–3ರಲ್ಲಿ ಸೋತರು. ಹತ್ತು ಲಕ್ಷ ಡಾಲರ್ ಹೋದದ್ದು ರಿಚರ್ಡ್‌ಗೆ. ಕೆಲ್ಲಿ, ರೂಡಿ ಇಬ್ಬರಲ್ಲಿ ಯಾರು ಗೆದ್ದರೂ ಕೊನೆಗೆ ತನ್ನನ್ನೇ ಜೊತೆಗೆ ಕರೆದೊಯ್ಯುತ್ತಾರೆ ಅನ್ನುವ ಲೆಕ್ಕ ರಿಚರ್ಡ್ ಅವರದ್ದಾಗಿತ್ತು. ಲೆಕ್ಕ ಸರಿಯಾಯಿತು.

ನಮ್ಮ ಹತ್ತಿರದ ಉದಾಹರಣೆ ಬೇಕಾದರೆ 2021ರ ತಮಿಳು ಸರ್ವೈವರ್. ನಡೆದದ್ದು ಜಾಂಜಿಬಾರಿನಲ್ಲಿ, ನಡೆಸಿಕೊಟ್ಟವರು ನಮ್ಮ ಮಧುಗಿರಿ ಮೂಲದ ಅರ್ಜುನ್ ಸರ್ಜಾ. ಗೆದ್ದವರು ಚಿತ್ರನಟಿ ವಿಜಯಲಕ್ಷ್ಮಿ. ಸೆಟ್ಟಿನಲ್ಲಿ ದಿನವಿಡೀ ಬಗೆಬಗೆಯ ಜನರ ಜೊತೆ ಏಗುವುದೂ ಒಂದು ತಯಾರಿಯೇ.

ಹೊರಗೆ ದುಡಿಯುವ ನಮ್ಮಂಥವರಿಗೆ ಇಲ್ಲೊಂದು ತೊಡಕು ಇದೆ. ಕೆಲಸ ಬಲ್ಲವರು ಕೆಲಸದ ಬಗ್ಗೆ ಖಡಕ್ ಇರುತ್ತಾರೆ. ಸೌದೆ ಹೀಗೆ ಒಟ್ಟಬೇಕು, ಚಪ್ಪರ ಹಾಗೆ ಕಟ್ಟಬಾರದು ಅಂತ ಹೇಳುತ್ತಲೇ ಇರುತ್ತಾರೆ. ತೋಟದಲ್ಲಿ ಅದಕ್ಕೆ ಬೆಲೆ ಇದೆ. ಹಸಿದ, ನಿದ್ದೆಗೆಟ್ಟ ಅಪರಿಚಿತರ ನಡುವೆ ಅದು ಕಿರಿಕಿರಿ ಆಗುತ್ತದೆ, ಮೊದಲ ವೋಟಿಗೇ ಹೆಸರು ಬರುತ್ತದೆ. ಇಯಾನ್ ಹನ್ನೆರಡು ಗಂಟೆ ಆದ ಮೇಲೆ ಇಳಿದದ್ದೂ ಜನರ ವಿಷಯಕ್ಕೇ ಅಲ್ವಾ?

ಕನ್ನಡದ ಒಂದು ಶೋ ಬಗ್ಗೆಯೂ ಹೇಳಬೇಕು. ಹಳ್ಳಿ, ಕಾಡಿನ ಹುಡುಗರನ್ನು ಪೇಟೆಗೆ ಕರೆತಂದು ನಡೆಸಿದ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಶೋ ಗೆದ್ದ ರಾಜೇಶ್ ಎಚ್.ಡಿ. ಕೋಟೆಯ ಕಾಡಿನಂಚಿನ ಆದಿವಾಸಿ ಹಾಡಿಯವರು. ಆಮೇಲೆ ಸಿನಿಮಾದಲ್ಲೂ ನಟಿಸಿದರು. 2013ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅಂದಿನಿಂದ ಇಂಥ ಯಾವ ಶೋ ನೋಡಿದರೂ ನಾನು ಕೇಳಿಕೊಳ್ಳುವುದು, ಕ್ಯಾಮೆರಾ ಹೋದ ಮೇಲೆ ಈ ಹುಡುಗ ಹುಡುಗಿಯರ ಜೊತೆ ಯಾರಿರುತ್ತಾರೆ ಅಂತ. ಕಾಡು ಕಲಿಸಿದ ಗಟ್ಟಿತನ ಆ ಹೊತ್ತಿಗೆ ಸಾಕಾಗುತ್ತದೆ ಅಂತ ಶೋ ಮಾಡುವವರು ಸುಮ್ನೆ ಬಿಟ್ಟುಬಿಡಬಾರದು.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಜಿಮ್ ಬಿಡಬೇಡಿ, ಆದರೆ ಅದರ ಅರ್ಧ ಹೊತ್ತನ್ನು ಹೊರಗೆ ಕಳೆಯಿರಿ. ಊರಲ್ಲಿ ನೆಂಟರ ತೋಟ ಇದ್ದರೆ ರಜೆ ಹಾಕಿ ಹೋಗಿ, ಬೆಳಗಿನಿಂದ ಸಂಜೆವರೆಗೆ ಅವರ ಜೊತೆ ದುಡಿಯಿರಿ. ಮರ ಹತ್ತುವ ಸಾಹಸ ಮಾತ್ರ ಕಲಿಸುವವರಿಲ್ಲದೆ ಬೇಡ. ಒದ್ದೆ ಸೌದೆಯಲ್ಲಿ ಬೆಂಕಿ ಹೊತ್ತಿಸಿ ಗಂಜಿ ಬೇಯಿಸಿ ನೋಡಿ, ಮಳೆ ಬರುವಾಗ. ಚಾಪೆಯಲ್ಲಿ ಮಲಗಿ, ಸೊಳ್ಳೆಯ ನಡುವೆ ನಿದ್ದೆ ಮಾಡಲು ಮೈಗೆ ಕಲಿಸಿ. ಈಜು ಬರದಿದ್ದರೆ ಮೊದಲು ಅದನ್ನೇ ಕಲಿಯಿರಿ, ಈ ಪಂದ್ಯಗಳಲ್ಲಿ ನೀರು ತಪ್ಪುವುದಿಲ್ಲ. ಮೊಬೈಲ್ ಇಲ್ಲದೆ ಇಡೀ ದಿನ ಒಬ್ಬರೇ ಕೂತು ನೋಡಿ. ತುಂಬ ಜನರಿಗೆ ಹಸಿವಿಗಿಂತ ಇದು ಕಷ್ಟ.

ಅಪರಿಚಿತರ ಜೊತೆ ಒಂದೇ ಅಡುಗೆ, ಒಂದೇ ಬಿಡಾರದಲ್ಲಿ ಕೆಲವು ದಿನ ಇರುವ ಚಾರಣ ಸಿಕ್ಕಿದರೆ ಬಿಡಬೇಡಿ. ಅಲ್ಲಿ ಯಾರು ಮೊದಲು ಸಿಡುಕುತ್ತಾರೆ, ನೀವು ಯಾವಾಗ ಸಿಡುಕುತ್ತೀರಿ ಅಂತ ಗಮನಿಸಿ. ಆಯ್ಕೆಯಾದರೆ ಸಹಿ ಹಾಕುವ ಮುಂಚೆ ವೈದ್ಯರ ವ್ಯವಸ್ಥೆ ಏನು, ಮಧ್ಯದಲ್ಲಿ ಬಿಟ್ಟು ಬಂದರೆ ಏನು, ಶೋ ಮುಗಿದ ಮೇಲೆ ಮಾತಾಡಲು ಮನೋವೈದ್ಯರು ಇರುತ್ತಾರಾ ಅಂತ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ಕಾಸರಗೋಡು ಕಡೆ ಬರುವುದಾದರೆ ಆಟಿಯಲ್ಲಿ ಬನ್ನಿ. ಕೆಲಸಕ್ಕೆ ಜನ ಯಾವಾಗಲೂ ಕಡಿಮೆ, ಊಟಕ್ಕೆ ತೊಂದರೆ ಇಲ್ಲ.